ಅಪ್ಪನ ರೇಟು, ಭಾವನ ರೇಟು

2024ರ ಶ್ರಾವಣದ ಒಂದು ಭಾನುವಾರ. ಅಕ್ಕ, ಭಾವ, ಮಕ್ಕಳು ಊರಿಗೆ ಬಂದಿದ್ದರು. ಎಲ್ಲರೂ ಊಟಕ್ಕೆ ಕೂತಿದ್ದೆವು. ಅಪ್ಪನ ಮೊಬೈಲು ಟಣ್ ಅಂತು. ಎಡಗೈಯಲ್ಲಿ ತೆಗೆದು, ಕನ್ನಡಕ ಇಲ್ಲದೆ ದೂರ ಹಿಡಿದು ನೋಡಿ, "ಗೋವಿನಜೋಳ 2,600 ಆಗೈತಿ ನೋಡ್ರಿ" ಅಂದರು. ಮುಖದಲ್ಲಿ ಹಬ್ಬ. ಅವರ ಪಕ್ಕದಲ್ಲೇ ಕೂತಿದ್ದ ಭಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಮ್ಮ ಮೊಬೈಲು ತೆಗೆದರು. ಅವರಿಗೂ ಅದೇ ಮೆಸೇಜು ಬಂದಿತ್ತು. ಆಮೇಲೆ ಅವರು ಊಟ ಮುಗಿಯುವ ತನಕ ಜಾಸ್ತಿ ಮಾತಾಡಲಿಲ್ಲ. ಅಕ್ಕ ಒಮ್ಮೆ ಅಪ್ಪನನ್ನು ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು, ಎದ್ದು ಮಜ್ಜಿಗೆ ತರಲು ಒಳಗೆ ಹೋದಳು.

ನಮ್ಮ ಮನೆಯ ಕಥೆ ಇಷ್ಟೇ. ಅಪ್ಪ ರಾಣೆಬೆನ್ನೂರು ತಾಲ್ಲೂಕಿನಲ್ಲಿ ನಾಲ್ಕು ಎಕರೆ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಬೆಳೆಯುತ್ತಾರೆ, ಮಳೆ ನಂಬಿಕೊಂಡು. ಭಾವ ಹೊಸಪೇಟೆ ಕಡೆ 5,000 ಮೊಟ್ಟೆ ಕೋಳಿ ಸಾಕುತ್ತಾರೆ. ಒಬ್ಬರು ಮಾರುವವರು, ಇನ್ನೊಬ್ಬರು ಕೊಳ್ಳುವವರು. ಇಬ್ಬರ ಲೆಕ್ಕವನ್ನೂ ತಿಂಗಳಿಗೊಮ್ಮೆ ಎಕ್ಸೆಲ್‌ನಲ್ಲಿ ತುಂಬುವವನು ನಾನು. ಹಾಗಾಗಿ ಯಾರ ಪರ ಖುಷಿ ಪಡಬೇಕು ಅನ್ನುವುದು ನನಗೆ ಯಾವಾಗಲೂ ಗೊತ್ತಾಗುವುದಿಲ್ಲ.

ಆದರೆ ಅವತ್ತಿನಿಂದ ನನ್ನನ್ನು ಕೊರೆಯುತ್ತಿರುವುದು ಬೇರೆ. ಅಪ್ಪನ ಹತ್ತಿರ ಆ ಭಾನುವಾರ ಮಾರುವುದಕ್ಕೆ ಒಂದು ಚೀಲವೂ ಇರಲಿಲ್ಲ. ಎಂಟು ತಿಂಗಳ ಹಿಂದೆಯೇ, ಡಿಸೆಂಬರಿನಲ್ಲಿ, ಎಲ್ಲಾ ಕೊಟ್ಟಾಗಿತ್ತು. ಕ್ವಿಂಟಾಲಿಗೆ 2,050 ರೂಪಾಯಿಗೆ. ಊರಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ, ಹೊಲದಲ್ಲಿ ಮುಂದಿನ ಬೆಳೆ ಆಳೆತ್ತರ ನಿಂತಿತ್ತು. ಹಾಗಾದರೆ ಅಪ್ಪ ಖುಷಿ ಪಟ್ಟಿದ್ದು ಯಾರ ದುಡ್ಡಿಗೆ? ಆ 2,600 ಯಾರದ್ದು?

ಬರಗಾಲದ ನಲವತ್ತೊಂದು ಚೀಲ

2023 ಹೇಗಿತ್ತು ಅಂತ ನಿಮಗೆ ನೆನಪಿರಬಹುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ನಮ್ಮಲ್ಲಿ ಆಗಸ್ಟ್ ಪೂರ್ತಿ ಆಕಾಶ ಖಾಲಿ. ಗೋವಿನಜೋಳಕ್ಕೆ ಸೂಲಂಗಿ ಒಡೆಯುವ ಹೊತ್ತಿನಲ್ಲಿ ನೀರು ತಪ್ಪಿದರೆ ಮುಗಿಯಿತು, ತೆನೆ ಇರುತ್ತದೆ, ಕಾಳು ಇರುವುದಿಲ್ಲ. ಮೇಲಿಂದ ಸಿಪ್ಪೆ ದಪ್ಪಗೆ ಕಾಣುತ್ತದೆ, ಬಿಡಿಸಿದರೆ ತುದಿಯಿಂದ ಅರ್ಧದವರೆಗೆ ಬರೀ ಬೆಂಡು, ಹಲ್ಲು ಬಿದ್ದ ಬಾಯಿ ಇದ್ದ ಹಾಗೆ. ಜೊತೆಗೆ ಸುಳಿ ತಿನ್ನುವ ಸೈನಿಕ ಹುಳು. 2018ರಲ್ಲಿ ದೇಶಕ್ಕೆ ಕಾಲಿಟ್ಟಿದ್ದೇ ನಮ್ಮ ರಾಜ್ಯದಿಂದ, ಆಮೇಲೆ ಹೋಗುವ ಮಾತೇ ಆಡಿಲ್ಲ. ಒಳ್ಳೆಯ ವರ್ಷ ನಾಲ್ಕು ಎಕರೆಗೆ 85ರಿಂದ 90 ಕ್ವಿಂಟಾಲ್ ಬರುವ ಹೊಲದಲ್ಲಿ ಆ ವರ್ಷ ಬಂದಿದ್ದು 41.

ಮಾಲು ಕಡಿಮೆ ಇದ್ದರೆ ರೇಟು ಮೇಲೆ ಹೋಗುತ್ತದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಅಪ್ಪನಿಗೂ ಗೊತ್ತಿತ್ತು. "ಬೇಸಿಗಿಗೆ ಏರತೈತಿ" ಅಂತ ಅವರೇ ಹೇಳಿದ್ದರು. ಹೇಳಿ, ಮಾರನೇ ವಾರ ಮಾರಿದರು. ಯಾಕೆ ಅಂತ ಕೇಳಬೇಕಾಗಿಯೇ ಇರಲಿಲ್ಲ. ಗೊಬ್ಬರದ ಅಂಗಡಿಯ ಬಾಕಿ, ಸೊಸೈಟಿ ಸಾಲ, ಕೂಲಿ. ಬೆಳೆ ಅರ್ಧ ಬಂದ ವರ್ಷವೇ ರೈತ ಬೇಗ ಮಾರುತ್ತಾನೆ, ಯಾಕೆಂದರೆ ಕೈಯಲ್ಲಿ ಬೇರೆ ಏನೂ ಇರುವುದಿಲ್ಲ.

ಹಿಡಿದಿಟ್ಟುಕೊಂಡಿದ್ದರೆ ಎಷ್ಟು ಸಿಗುತ್ತಿತ್ತು ಅಂತ ನಾನೊಮ್ಮೆ ಸುಮ್ನೆ ಕೂತು ಲೆಕ್ಕ ಹಾಕಿದೆ. ಊರಿನ ಕೈಸಾಲದ ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. 2,050ಕ್ಕೆ ಎಂಟು ತಿಂಗಳಿಗೆ 328. ಕಾಳು ಒಣಗಿ, ನುಸಿ ತಿಂದು ಕ್ವಿಂಟಾಲಿಗೆ ಮೂರು ಕೆಜಿ ಹೋಯಿತು ಅಂದುಕೊಂಡರೂ ಇನ್ನು ಅರವತ್ತು ಚಿಲ್ಲರೆ. ಅಂದರೆ 2,440ರ ತನಕ ಬಂದರೆ ಬರೀ ಅಸಲು. 2,600ಕ್ಕೆ ಮಾರಿದ್ದರೂ ಕ್ವಿಂಟಾಲಿಗೆ 160 ರೂಪಾಯಿ ಲಾಭ, 41 ಕ್ವಿಂಟಾಲಿಗೆ ಆರೂವರೆ ಸಾವಿರ. ಎಂಟು ತಿಂಗಳು ಪಡಸಾಲೆಯಲ್ಲಿ ಇಲಿ ಕಾಯ್ದುಕೊಂಡು ಮಲಗಿದ್ದಕ್ಕೆ. ಲೆಕ್ಕ ತೋರಿಸಿದಾಗ ಅಪ್ಪ ನಕ್ಕರು. ಅವರು ಇದನ್ನು ಎಕ್ಸೆಲ್ ಇಲ್ಲದೆ ಎಷ್ಟೋ ವರ್ಷದ ಹಿಂದೆಯೇ ಹಾಕಿ ಮುಗಿಸಿದ್ದರು.

ಬಡ್ಡಿ ಇಲ್ಲದ ದುಡ್ಡು ಇರುವವನಿಗೆ, ಸಿಮೆಂಟ್ ನೆಲದ ಗೋದಾಮು ಇರುವವನಿಗೆ, ಇದೇ ಲೆಕ್ಕ ಬೇರೆ ಥರ ಬರುತ್ತದೆ. ಅಷ್ಟೇ.

ಕೋಳಿಗೆ ರಜೆ ಇಲ್ಲ

ಈಗ ಭಾವನ ಕಡೆ ಬನ್ನಿ. ಒಂದು ಮೊಟ್ಟೆ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. 5,000 ಕೋಳಿಗೆ 550 ಕೆಜಿ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗೋವಿನಜೋಳ, ಉಳಿದದ್ದು ಸೋಯಾ ಹಿಂಡಿ, ತೌಡು, ಸುಣ್ಣದ ಕಲ್ಲು, ಔಷಧಿ ಪುಡಿ. ಅಂದರೆ ದಿನಕ್ಕೆ ಮೂರು ಕ್ವಿಂಟಾಲ್ ಗೋವಿನಜೋಳ, ತಿಂಗಳಿಗೆ 90. ಇದನ್ನು ಮೊದಲ ಸಲ ಎಕ್ಸೆಲ್‌ನಲ್ಲಿ ನೋಡಿದಾಗ ನಾನು ಒಂದು ಕ್ಷಣ ಹಾಗೇ ಕೂತುಬಿಟ್ಟೆ. 90 ಕ್ವಿಂಟಾಲ್! ಅಪ್ಪ ವರ್ಷವಿಡೀ ಉತ್ತು, ಬಿತ್ತು, ಎಡೆ ಹೊಡೆದು, ಹಂದಿ ಕಾಯ್ದು ಬೆಳೆಯುವುದು ಭಾವನ ಕೋಳಿಗಳಿಗೆ ಒಂದು ತಿಂಗಳ ಊಟ.

ಕ್ವಿಂಟಾಲಿಗೆ 500 ಏರಿದರೆ ಭಾವನಿಗೆ ತಿಂಗಳಿಗೆ 45,000 ರೂಪಾಯಿ ಹೊರೆ. ಮೊಟ್ಟೆಯ ಖರ್ಚಿನಲ್ಲಿ ಮುಕ್ಕಾಲು ಪಾಲು ಆಹಾರದ್ದೇ. ಹಾಗಂತ ಮೊಟ್ಟೆ ರೇಟು ಏರಿಸುವುದು ಭಾವನ ಕೈಯಲ್ಲಿಲ್ಲ. ಅದು ದಿನಾ ಮೊಬೈಲಿಗೆ ಬರುತ್ತದೆ, ಬಂದದ್ದೇ ರೇಟು. ಶ್ರಾವಣದಲ್ಲಂತೂ ಕೇಳಲೇಬೇಡಿ. ಅರ್ಧ ಕರ್ನಾಟಕ ಮೊಟ್ಟೆ ಬಿಟ್ಟಿರುತ್ತದೆ, ಆದರೆ ಕೋಳಿಗೆ ಶ್ರಾವಣ ಗೊತ್ತಿಲ್ಲ, ಅದು ತಿನ್ನುವುದನ್ನೂ ಬಿಡುವುದಿಲ್ಲ, ಇಡುವುದನ್ನೂ ಬಿಡುವುದಿಲ್ಲ. ಎರಡು ದಿನ ಆಹಾರ ಏರುಪೇರಾದರೆ ಮೊಟ್ಟೆ ಇಳಿಯುತ್ತದೆ, ಇಳಿದದ್ದು ಮತ್ತೆ ಏರಲು ವಾರಗಳು ಬೇಕು. ಬಟ್ಟೆ ಅಂಗಡಿಯವನು ಮಾಲು ತುಟ್ಟಿಯಾದರೆ ಒಂದು ತಿಂಗಳು ಖರೀದಿ ನಿಲ್ಲಿಸಬಹುದು. ಭಾವನಿಗೆ ನಿಲ್ಲಿಸುವ ಗುಂಡಿಯೇ ಇಲ್ಲ.

2024ರ ಜೂನಿನಲ್ಲಿ ನಾನು ಒಂದು ವಾರ ಅಲ್ಲೇ ಇದ್ದೆ. ಒಂದು ಬೆಳಿಗ್ಗೆ ಭಾವ ಮೂರು ಫೋನು ಮಾಡಿದರು. ಮೊದಲನೆಯವರು ಕಾಯಂ ವ್ಯಾಪಾರಿ, ಏಳೆಂಟು ವರ್ಷದ ಪರಿಚಯ. ರೇಟು ಕಡಿಮೆಯೇ ಹೇಳಿದರು. ಆದರೆ "ಮಾಲು ಇಲ್ಲ ಸಾಹೇಬ್ರ, ಬಂದ್ರ ಹೇಳ್ತೀನಿ" ಅಂದರು. ಎರಡನೆಯವರು ನಲವತ್ತು ರೂಪಾಯಿ ಜಾಸ್ತಿ ಹೇಳಿದರು, ಮಾಲು ಇದೆ, ನಾಲ್ಕು ದಿನ ಬೇಕು. ಮೂರನೆಯವರು ನೂರಾ ಹತ್ತು ಜಾಸ್ತಿ, ರಾತ್ರಿಗೆ ಲಾರಿ ಬರುತ್ತದೆ, ದುಡ್ಡು ಮೊದಲು ಹಾಕಬೇಕು. ಗೋದಾಮಿನಲ್ಲಿ ಎರಡು ದಿನದ್ದು ಉಳಿದಿತ್ತು. ಭಾವ ಫೋನು ಇಟ್ಟು ನನ್ನ ಕಡೆ ನೋಡಿ, "ಇವತ್ತಿನ ರೇಟು ಎಷ್ಟು ಅಂತ ಬರ್ಕೊಳ್ತೀಯಪಾ ನೀನು?" ಅಂದರು. ನಾನು ಮೂರನೆಯದನ್ನು ಬರೆದುಕೊಂಡೆ. ಮೊಬೈಲಿಗೆ ಬಂದ ಮಾರುಕಟ್ಟೆ ರೇಟು ಮಾತ್ರ ಮೊದಲನೆಯವರು ಹೇಳಿದ್ದಕ್ಕೆ ಹತ್ತಿರ ಇತ್ತು.

ಅವತ್ತು ನನಗೆ ಅರ್ಥವಾದದ್ದು ಇದು. ಮಾಲು ಬಿಗಿಯಾದಾಗ ಬೋರ್ಡಿನ ಮೇಲಿನ ರೇಟು ಎಲ್ಲಕ್ಕಿಂತ ಕೊನೆಗೆ ಅಲ್ಲಾಡುತ್ತದೆ. ಅದಕ್ಕಿಂತ ಮೊದಲು ಬೇರೆ ಎಲ್ಲಾ ಅಲ್ಲಾಡಿರುತ್ತವೆ. ಮೂವತ್ತು ದಿನದ ಉದ್ರಿ ಹದಿನೈದಾಗುತ್ತದೆ, ಆಮೇಲೆ ಎಂಟು, ಆಮೇಲೆ "ಮೊದಲು ಹಾಕ್ರಿ". ಮಾಲು ಹಿಂದಕ್ಕೆ ಕಳಿಸುವ ಹಕ್ಕು ಹೋಗುತ್ತದೆ. ತೇವಾಂಶ ನೋಡುವ ಮೀಟರ್ ಡ್ರಾಯರ್ ಸೇರುತ್ತದೆ. ಸುಗ್ಗಿಯಲ್ಲಿ ತೇವಾಂಶ ಶೇ. 14ಕ್ಕಿಂತ ಒಂದು ಪಾಯಿಂಟ್ ಜಾಸ್ತಿ ಇದ್ದರೂ ತೂಕದಲ್ಲಿ ಕೆಜಿಗಟ್ಟಲೆ ಮುರಿದುಕೊಳ್ಳುವ ಅದೇ ಜನ, ಜೂನಿನಲ್ಲಿ 16 ಇದ್ದರೂ "ಬೇಕಾದ್ರ ಇಳಿಸ್ಕೋರಿ" ಅನ್ನುತ್ತಾರೆ. ಇದ್ಯಾವುದೂ ಯಾವ ರೇಟಿನ ಪಟ್ಟಿಯಲ್ಲೂ ಬರುವುದಿಲ್ಲ, ಬಂದಿದ್ದರೆ ಏಪ್ರಿಲ್‌ನಲ್ಲೇ ಎಲ್ಲರಿಗೂ ಗೊತ್ತಾಗುತ್ತಿತ್ತು.

ಆ ಲಾರಿ ಬಂದದ್ದು ರಾತ್ರಿ ಒಂದೂವರೆಗೆ. ಭಾವ ಲುಂಗಿಯಲ್ಲೇ ಓಡಿದರು, ಬ್ಯಾಟರಿ ಹಿಡಿದು ನಾನೂ ಹಿಂದೆ ಹೋದೆ. ಮೇಲಿನ ಸಾಲಿನ ಚೀಲ ಬಿಟ್ಟು ಮೂರನೇ ಸಾಲಿನ ಒಂದು ಚೀಲದ ಹೊಲಿಗೆ ಬಿಚ್ಚಿ, ಮೊಣಕೈ ತನಕ ಕೈ ಇಳಿಸಿದರು. ಕಣ್ಣು ಮುಚ್ಚಿಕೊಂಡಿದ್ದರು, ಡಾಕ್ಟರು ನಾಡಿ ನೋಡುವಾಗ ಇರುತ್ತಾರಲ್ಲ, ಹಾಗೆ. ಒಳಗೆ ಬಿಸಿ ಇದ್ದರೆ ಮಾಲು ಬೆವರುತ್ತಿದೆ ಅಂತ ಅರ್ಥ. ಕೈ ತೆಗೆದು ಮೂಸಿದರು. ನನ್ನ ಮೂಗಿನ ಹತ್ತಿರವೂ ಹಿಡಿದರು. ಹಳೇ ಪೆಟ್ಟಿಗೆ ತೆಗೆದ ಹಾಗೆ ಒಂದು ಮುಗ್ಗಲು ವಾಸನೆ, ಬಹಳ ಸಣ್ಣದು. ಅಂಗೈಯಲ್ಲಿ ಹತ್ತು ಕಾಳಿದ್ದರೆ ಒಂದರ ಮೂತಿ ಹಸಿರು-ಕಪ್ಪು. ಬೂಸ್ಟಿನ ವಿಷ ಕೋಳಿಯ ಲಿವರ್ ಹಿಡಿಯುತ್ತದೆ, ಆಮೇಲೆ ಮೊಟ್ಟೆ ಇಳಿಯುತ್ತದೆ. ಬೇರೆ ವರ್ಷ ಆಗಿದ್ದರೆ ಲಾರಿ ಹಾಗೇ ವಾಪಸ್. ಭಾವ ಐದು ನಿಮಿಷ ಸುಮ್ಮನೆ ನಿಂತರು. ಆಮೇಲೆ ಹಮಾಲರ ಕಡೆ ತಿರುಗಿ "ಇಳಿಸ್ರಿ" ಅಂದರು. ನನಗೆ, "ಟಾಕ್ಸಿನ್ ಬೈಂಡರ್ ಎರಡು ಚೀಲ ಜಾಸ್ತಿ ಬರ್ಕೋ" ಅಂದರು. ಬೂಸ್ಟಿನ ವಿಷವನ್ನು ಹಿಡಿದಿಡುವ ಪುಡಿ ಅದು. ಅದೂ ಗೋವಿನಜೋಳದ ರೇಟೇ ತಾನೆ? ಆದರೆ ಶೀಟಿನಲ್ಲಿ ಔಷಧಿ ಖಾತೆಗೆ ಹೋಯಿತು.

ಲಾರಿ ಯಾವ ದಿಕ್ಕಿಗೆ ಹೋಗುತ್ತದೆ

ಒಂದು ವಿಷಯ ನನಗೆ ಬಹಳ ದಿನ ತಲೆಗೆ ಹತ್ತಿರಲಿಲ್ಲ. ದೇಶದಲ್ಲಿ ಬೆಳೆ ಸ್ವಲ್ಪ ಕಡಿಮೆಯಾದರೆ ನಮ್ಮ ಕಡೆ ರೇಟು ಯಾಕೆ ಅಷ್ಟು ಎಗರುತ್ತದೆ? ದಾವಣಗೆರೆ, ಹಾವೇರಿ ಅಂದರೆ ಗೋವಿನಜೋಳದ ತವರು ಅಲ್ವಾ? ತವರಿನಲ್ಲೇ ಯಾಕೆ ಹೀಗೆ?

ಉತ್ತರ ಲಾರಿಯ ದಿಕ್ಕಿನಲ್ಲಿದೆ. ಒಳ್ಳೆಯ ವರ್ಷ ನಮ್ಮ ಮಾಲು ಹೊರಗೆ ಹೋಗುತ್ತದೆ, ಮುಖ್ಯವಾಗಿ ತಮಿಳುನಾಡಿನ ನಾಮಕ್ಕಲ್ ಕಡೆಗೆ. ಕೋಳಿ ಇರುವುದು ಅಲ್ಲಿ. ಹಾಗಾಗಿ ನಮ್ಮ ರೇಟು ಅಂದರೆ ನಾಮಕ್ಕಲ್ ರೇಟು, ಅದರಲ್ಲಿ ಲಾರಿ ಬಾಡಿಗೆ ಕಳೆದದ್ದು. ನಮ್ಮಲ್ಲಿ ಬೆಳೆ ಕೈಕೊಟ್ಟ ವರ್ಷ ಮಾಲು ಹೊರಗಿನಿಂದ ಬರಬೇಕು. ಏಪ್ರಿಲ್, ಮೇ ಹೊತ್ತಿಗೆ ದೇಶದಲ್ಲಿ ಹೊಸ ಗೋವಿನಜೋಳ ದಂಡಿಯಾಗಿ ಸಿಗುವುದು ಬಿಹಾರದಲ್ಲಿ, ಅಲ್ಲಿಯ ಹಿಂಗಾರಿ ಬೆಳೆ, ಪೂರ್ಣಿಯಾ ಕಡೆಯದ್ದು. ಆಗ ನಮ್ಮ ರೇಟು ಅಂದರೆ ಬಿಹಾರದ ರೇಟು, ಅದಕ್ಕೆ ರೈಲು ಬಾಡಿಗೆ ಕೂಡಿಸಿದ್ದು. ಲೆಕ್ಕಕ್ಕೆ ಸುಮ್ನೆ ಹೇಳುತ್ತೇನೆ. ಎರಡೂ ಕಡೆ ರೇಟು 2,000 ಅಂದುಕೊಳ್ಳಿ, ನಾಮಕ್ಕಲ್‌ಗೆ ಬಾಡಿಗೆ 200, ಬಿಹಾರದಿಂದ 400. ಮಾಲು ಹೊರಗೆ ಹೋಗುವ ವರ್ಷ ನಮ್ಮಲ್ಲಿ 1,800. ಒಳಗೆ ಬರುವ ವರ್ಷ 2,400. ದೇಶದ ರೇಟು ಒಂದು ರೂಪಾಯಿ ಅಲ್ಲಾಡಿಲ್ಲ, ನಮ್ಮ ಊರಿನದ್ದು 600 ಎದ್ದಿದೆ. ಕಳೆಯುತ್ತಿದ್ದ ಬಾಡಿಗೆ ಕೂಡಿಸುವ ಬಾಡಿಗೆ ಆಯಿತು, ಅಷ್ಟೇ. ನಡುವೆ ಒಂದಷ್ಟು ದಿನ ಎರಡೂ ದಿಕ್ಕಿನ ಲಾರಿ ನಿಂತಿರುತ್ತದೆ, ಆಗಲೇ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೇಟು.

ಬಿಹಾರದಿಂದ ಬರುವುದು ರೇಕ್ ಲೆಕ್ಕದಲ್ಲಿ. ಒಂದು ರೇಕ್ ಅಂದರೆ ಒಂದು ಇಡೀ ಗೂಡ್ಸ್ ರೈಲು, ಎರಡೂವರೆ ಸಾವಿರ ಟನ್ನಿಗೂ ಜಾಸ್ತಿ. ಭಾವನಿಗೆ ತಿಂಗಳಿಗೆ ಬೇಕಿರುವುದು ಒಂಬತ್ತು ಟನ್. ದೊಡ್ಡ ಕಂಪನಿಗಳು ರೇಕ್ ತರಿಸುತ್ತವೆ, ದೊಡ್ಡ ವ್ಯಾಪಾರಿಗಳು ತರಿಸುತ್ತಾರೆ, ಭಾವನಂಥವರು ಅದರಲ್ಲಿ ಸೋರಿದ್ದನ್ನು ಕೊಳ್ಳುತ್ತಾರೆ. ಸಮುದ್ರದಿಂದ ಬರುವುದೂ ಹಾಗೆಯೇ. 2024ರ ಜೂನ್ ಕೊನೆಗೆ ಕೇಂದ್ರ ಸರ್ಕಾರ ಸುಮಾರು 5 ಲಕ್ಷ ಟನ್ ಗೋವಿನಜೋಳವನ್ನು ಶೇ. 15 ಸುಂಕದಲ್ಲಿ ತರಿಸಿಕೊಳ್ಳಲು ಬಿಟ್ಟಿತು. ಮಾಮೂಲಿ ಸುಂಕ ಶೇ. 50. ಕುಲಾಂತರಿ ಕಾಳು ಬೇಡ ಅನ್ನುವ ನಿಯಮ ಇರುವುದರಿಂದ ಅಮೆರಿಕದ್ದು ಬರುವ ಹಾಗಿಲ್ಲ, ಮ್ಯಾನ್ಮಾರ್ ಮತ್ತು ಉಕ್ರೇನ್ ಕಡೆಯಿಂದ ಬಂತು. ಮಾಲು ಹಡಗು ಹತ್ತಿ, ಬಂದರಿನಲ್ಲಿ ಇಳಿದು, ಕೋಳಿ ಬಾಯಿಗೆ ಬರುವಷ್ಟರಲ್ಲಿ ತಿಂಗಳುಗಳು. ಭಾವನ ಗೋದಾಮಿನಲ್ಲಿದ್ದದ್ದು ಎರಡು ದಿನದ್ದು.

ಡಿಸ್ಟಿಲರಿಯ ಹಸಿವು

ಮೊದಲೆಲ್ಲಾ ಗೋವಿನಜೋಳದ ದೊಡ್ಡ ಗಿರಾಕಿ ಅಂದರೆ ಕೋಳಿ, ಆಮೇಲೆ ಸ್ಟಾರ್ಚ್ ಫ್ಯಾಕ್ಟರಿ, ಆಮೇಲೆ ದನ. (ಹೆಸರಲ್ಲಿ ಮಾತ್ರ ಗೋವೇ ಮೊದಲು. ಮೈಸೂರು ಕಡೆಯವರು ಮುಸುಕಿನ ಜೋಳ ಅಂದು ಸಿಪ್ಪೆಯ ಅಂದ ನೋಡಿದರು, ನಮ್ಮವರು ಗೋವಿನಜೋಳ ಅಂದು ಇದು ಮನುಷ್ಯರು ತಿನ್ನುವುದಲ್ಲ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟರು.) ಈಗ ಇನ್ನೊಬ್ಬ ಗಿರಾಕಿ ಬಂದಿದ್ದಾನೆ, ಪೆಟ್ರೋಲಿಗೆ ಬೆರೆಸುವ ಎಥೆನಾಲ್. 2023ರ ಡಿಸೆಂಬರಿನಲ್ಲಿ ಸರ್ಕಾರ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಕಡಿವಾಣ ಹಾಕಿತು. ಮರುತಿಂಗಳೇ ಸರ್ಕಾರಿ ತೈಲ ಕಂಪನಿಗಳು ಗೋವಿನಜೋಳದ ಎಥೆನಾಲ್‌ಗೆ ಲೀಟರಿಗೆ 5.79 ಪ್ರೋತ್ಸಾಹ ಸೇರಿಸಿ 71.86 ರೂಪಾಯಿ ಮಾಡಿದವು. ಬರಗಾಲದ ವರ್ಷವೇ.

ಒಂದು ಟನ್ ಕಾಳಿಗೆ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ ಅನ್ನುತ್ತಾರೆ. ಕ್ವಿಂಟಾಲಿಗೆ 38. 71.86ರಂತೆ 2,730 ರೂಪಾಯಿ, ಅದರ ಮೇಲೆ ಉಳಿಯುವ ಗಸಿಯನ್ನು ಒಣಗಿಸಿ ಮತ್ತೆ ದನಕ್ಕೆ, ಕೋಳಿಗೆ ಮಾರುತ್ತಾರೆ. ದಿನಕ್ಕೆ 1 ಲಕ್ಷ ಲೀಟರ್ ತೆಗೆಯುವ ಒಂದು ಡಿಸ್ಟಿಲರಿಗೆ ದಿನಕ್ಕೆ ಸುಮಾರು 260 ಟನ್ ಕಾಳು ಬೇಕು. ಭಾವನ ಕೋಳಿಗಳ ಒಂದು ತಿಂಗಳಿನದ್ದನ್ನು, ಅಂದರೆ ಅಪ್ಪನ ಒಂದು ವರ್ಷದ್ದನ್ನು, ಅದು ಐವತ್ತು ನಿಮಿಷದಲ್ಲಿ ನುಂಗುತ್ತದೆ.

ಎಥೆನಾಲ್ ಬೇಡ ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ಅಪ್ಪ ಮನೆಗೆ ಸೇರಿಸುವುದಿಲ್ಲ. ನನಗೆ ಕುತೂಹಲ ಇರುವುದು ಇಬ್ಬರು ಗಿರಾಕಿಗಳ ನಡುವಿನ ವ್ಯತ್ಯಾಸದ ಬಗ್ಗೆ. ಡಿಸ್ಟಿಲರಿಯವನಿಗೆ ತನ್ನ ಮಾಲು ಎಷ್ಟಕ್ಕೆ ಹೋಗುತ್ತದೆ ಅಂತ ವರ್ಷದ ಮಟ್ಟಿಗೆ ಗೊತ್ತು. ಹಾಗಾಗಿ ಕಾಳಿಗೆ ಎಷ್ಟು ಕೊಡಬಹುದು ಅಂತಲೂ ಗೊತ್ತು. ಲೆಕ್ಕ ಕೂಡದಿದ್ದರೆ ಮೆಷಿನ್ ಆಫ್ ಮಾಡಿ ಬಾಗಿಲು ಹಾಕಬಹುದು. ಭಾವನಿಗೆ ನಾಳೆಯ ಮೊಟ್ಟೆ ರೇಟು ಇವತ್ತು ಗೊತ್ತಿಲ್ಲ, ಬಾಗಿಲು ಹಾಕುವ ಹಾಗೂ ಇಲ್ಲ. ಇವರಿಬ್ಬರೂ ಒಂದೇ ಲಾರಿಗೆ ಕೂಗಿದರೆ ಯಾರ ಕೂಗು ಗಟ್ಟಿ ಇರುತ್ತದೆ?

ಬಿಳಿ ಭಂಡಾರ

ಗೋವಿನಜೋಳ ತುಟ್ಟಿಯಾದರೆ ಬೇರೆ ಏನಾದರೂ ಹಾಕಿ ಅಂತ ನಾನೂ ಮೊದಲು ಹೇಳಿದ್ದೆ. ಭಾವ ವಾದ ಮಾಡಲಿಲ್ಲ, ಜುಲೈನಲ್ಲಿ ಕಾಲು ಭಾಗ ನುಚ್ಚಕ್ಕಿ ಹಾಕಿ ತೋರಿಸಿದರು. ಎರಡು ವಾರಕ್ಕೆ ಮೊಟ್ಟೆ ಕೊಳ್ಳುವವರಿಂದ ಫೋನು ಬಂತು, "ಒಳಗಿನ ಭಂಡಾರ ಬೆಳ್ಳಗೈತಿ, ಗಿರಾಕಿ ಹಳೇ ಮೊಟ್ಟಿ ಅಂತಾರ." ಮೊಟ್ಟೆ ಅವತ್ತಿನದ್ದೇ. ಆದರೆ ಭಂಡಾರಕ್ಕೆ, ಅಂದರೆ ಮೊಟ್ಟೆಯ ಒಳಗಿನ ಹಳದಿ ಭಾಗಕ್ಕೆ, ಬಣ್ಣ ಬರುವುದು ಗೋವಿನಜೋಳದಿಂದ. ಬಣ್ಣದ ಪುಡಿ ಸಿಗುತ್ತದೆ, ಅದಕ್ಕೆ ಬೇರೆ ದುಡ್ಡು. ಸಜ್ಜೆ ಹಾಕಬಹುದು, ಜೋಳ ಹಾಕಬಹುದು, ಸ್ವಲ್ಪ ಸ್ವಲ್ಪ. ಆದರೆ ಗೋವಿನಜೋಳ ಏರಿದ ವಾರವೇ ಎಲ್ಲಾ ಕೋಳಿಯವರಿಗೂ ಸಜ್ಜೆ ನೆನಪಾಗುತ್ತದೆ, ಮರುವಾರ ಸಜ್ಜೆಯೂ ಏರಿರುತ್ತದೆ. ಕೇಂದ್ರ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿ ರಫ್ತು ನಿಲ್ಲಿಸಿದ್ದು, 2023ರ ಜುಲೈನಲ್ಲಿ ಎಣ್ಣೆ ತೆಗೆದ ತೌಡಿನ ರಫ್ತು ನಿಲ್ಲಿಸಿದ್ದು ಸುಮ್ನೆ ಅಲ್ಲ. ಮೇವಿನ ಪದಾರ್ಥ ಎಲ್ಲಾ ಒಂದೇ ಹಗ್ಗಕ್ಕೆ ಕಟ್ಟಿದ ದನಗಳ ಹಾಗೆ, ಒಂದು ಎಳೆದರೆ ಎಲ್ಲವೂ ಹೋಗುತ್ತವೆ.

ಕೊನೆಗೆ ಆ ಆಗಸ್ಟಿನಲ್ಲಿ ಭಾವ ಮಾಡಿದ್ದು, 1,500 ಹಳೇ ಕೋಳಿಗಳನ್ನು ಇನ್ನೂ ಮೂರು ತಿಂಗಳು ಇಡುವ ಹಾಗಿದ್ದರೂ ಮಾಂಸಕ್ಕೆ ಮಾರಿಬಿಟ್ಟರು. ಬಾಯಿ ಕಡಿಮೆ ಮಾಡಿಕೊಂಡರು. ಊಟದ ಆ ಭಾನುವಾರದ ಮಾರನೇ ದಿನವೇ.

ಮನೆಯೊಳಗಿನ ವ್ಯಾಪಾರ

ಇಷ್ಟೆಲ್ಲಾ ನೋಡಿದ ಮೇಲೆ ನನಗೊಂದು ಐಡಿಯಾ ಹೊಳೆಯಿತು. ನಿಮಗೂ ಇಷ್ಟು ಹೊತ್ತಿಗೆ ಹೊಳೆದಿರಬೇಕು. ಅಪ್ಪ ಭಾವನಿಗೇ ಮಾರಿದರೆ? ನಡುವಿನವರು ಯಾಕೆ ಬೇಕು? 2024ರಲ್ಲಿ ಮಳೆ ಚೆನ್ನಾಗಿತ್ತು, ನವೆಂಬರಿನಲ್ಲಿ 88 ಕ್ವಿಂಟಾಲ್ ಬಂತು. ಬೆಂಬಲ ಬೆಲೆ 2,225, ಮಾರುಕಟ್ಟೆಯಲ್ಲಿ 2,200ರ ಆಚೀಚೆ. ಭಾವ 2,250 ಕೊಡುತ್ತೇನೆ ಅಂದರು. ಇಬ್ಬರನ್ನೂ ಒಪ್ಪಿಸಿದ್ದು ನಾನೇ, ಅದಕ್ಕೆ ಬೈಸಿಕೊಂಡದ್ದೂ ನಾನೇ.

ಹೈವೇ ಪಕ್ಕದ ಸರ್ವಿಸ್ ರೋಡಿನಲ್ಲಿ ಕಾಳು ಹರವಿತ್ತು. ಅರ್ಧ ಕಿಲೋಮೀಟರ್ ಉದ್ದಕ್ಕೂ ಊರಿನವರದ್ದೆಲ್ಲಾ, ನಡುನಡುವೆ ಕಲ್ಲು ಇಟ್ಟು ಗಡಿ. ಅಪ್ಪ ಬರಿಗಾಲಲ್ಲಿ ಕಾಳಿನ ಮೇಲೆ ನಡೆಯುತ್ತಾ, ಪಾದದಿಂದ ಸಾಲು ಎಳೆದು ತಿರುವಿ ಹಾಕುತ್ತಿದ್ದರು. ಭಾವ ಬಂದು ಮಧ್ಯದಿಂದ ಒಂದು ಹಿಡಿ ಎತ್ತಿಕೊಂಡರು. ಅಪ್ಪ ಒಂದು ಕಾಳು ಬಾಯಿಗೆ ಹಾಕಿ ಕಡಿದು, ಕಟ್ ಅಂತ ಸದ್ದು ಬಂದದ್ದನ್ನು ಎಲ್ಲರಿಗೂ ಕೇಳಿಸಿ, "ಒಣಗೈತಿ" ಅಂದರು. ಭಾವನೂ ಒಂದು ಕಡಿದರು. ಅವರ ಹಲ್ಲಿಗೆ ಅದು ಅಷ್ಟು ಕಟ್ ಅನ್ನಲಿಲ್ಲ. ಪಕ್ಕದ ವ್ಯಾಪಾರಿಯ ಮೀಟರ್ ತರಿಸಿದೆವು, 16.8. ಭಾವ ಮೆಲ್ಲಗೆ, ಮಾವನಿಗೆ ಹೇಳುವ ಧ್ವನಿಯಲ್ಲೇ, ಕ್ವಿಂಟಾಲಿಗೆ ಮೂರು ಕೆಜಿ ಮುರಿಯಬೇಕಾಗುತ್ತದೆ ಅಂದರು. ಮೀಟರಿನ ವ್ಯಾಪಾರಿ ಎರಡೇ ಮುರಿಯುವವರು, ದುಡ್ಡು ಸಂಜೆಗೆ ಕೈಗೆ. ಭಾವ ಮೂರು ಕಂತಿನಲ್ಲಿ, ಮೊಟ್ಟೆ ದುಡ್ಡು ಬಂದ ಹಾಗೆ. ಲಾರಿ ಬಾಡಿಗೆ ಬೇರೆ. 88 ಕ್ವಿಂಟಾಲಿಗೆ ದೊಡ್ಡ ಲಾರಿ ಅರ್ಧ ಖಾಲಿ, ಸಣ್ಣದರಲ್ಲಿ ಎರಡು ಟ್ರಿಪ್. ನಾನು ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಒತ್ತುತ್ತಿದ್ದೆ. ಒತ್ತಿದಷ್ಟೂ ಆ 50 ರೂಪಾಯಿ ಕರಗುತ್ತಾ ಹೋಯಿತು.

ಅಪ್ಪ ಏನೂ ಹೇಳಲಿಲ್ಲ. ಕಾಳು ತಿರುವುತ್ತಾ ಆ ತುದಿಯ ತನಕ ಹೋದರು, ವಾಪಸ್ ಬಂದರು. "ಅವರ ಹಂತ್ಯಾಕ ಹಾಕತೀನಿ ಬಿಡು, ನಾವು ನಾವು ಬ್ಯಾಡ" ಅಂದರು. ಭಾವನ ಮುಖದಲ್ಲಿ ನೆಮ್ಮದಿ ಕಂಡಿತು ಅಂತ ನನಗನ್ನಿಸಿತು. ಮುಗ್ಗಲು ವಾಸನೆ ಬಂದರೆ ಮಾವನಿಗೆ ಲಾರಿ ವಾಪಸ್ ಕಳಿಸಲು ಆಗುತ್ತಾ?

ನಡುವಿನವರನ್ನು ಕಳ್ಳರು ಅಂತಲೇ ನಾನು ತಿಳಿದಿದ್ದೆ. ಕಳ್ಳತನ ಇಲ್ಲವೇ ಇಲ್ಲ ಅಂತ ಈಗಲೂ ಹೇಳುವುದಿಲ್ಲ, ಮೀಟರನ್ನು ಯಾವಾಗ ಹೊರಗೆ ತೆಗೆಯಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಇಪ್ಪತ್ತು ಮನೆಯ ಕಾಳು ಸೇರಿಸಿ ಒಂದು ಲಾರಿ ತುಂಬುವುದು, ಹಸಿ ಒಣ ಬೆರೆಸುವುದು, ಸಂಜೆಗೆ ದುಡ್ಡು ಕೊಟ್ಟು ತಿಂಗಳ ಮೇಲೆ ದುಡ್ಡು ವಸೂಲಿ ಮಾಡುವುದು, ಇದನ್ನೆಲ್ಲಾ ನಮ್ಮ ಮನೆಯ ಮೂವರು ಸೇರಿ ಒಂದು ಮಧ್ಯಾಹ್ನದಲ್ಲಿ ಮಾಡಲು ಹೋಗಿ ಸೋತೆವು. ಆ 2,600 ಯಾರದ್ದು ಅಂತ ಕೇಳಿದ್ದೆನಲ್ಲ. ಡಿಸೆಂಬರಿನಲ್ಲಿ ಅಪ್ಪ ಕಾಯಲಾರರು, ಜೂನಿನಲ್ಲಿ ಭಾವ ಕಾಯಲಾರರು. ನಡುವಿನ ಆರು ತಿಂಗಳು ಯಾರ ಗೋದಾಮಿನಲ್ಲಿ ಮಲಗಿತ್ತೋ ಅವರದ್ದು. ಅವರಿಗೂ ಪ್ರತಿ ವರ್ಷ ಸಿಗುವುದಿಲ್ಲ. ಆ ಆಗಸ್ಟಿನ ರೇಟು ನೋಡಿ ಮರುವರ್ಷ ಹಿಡಿದಿಟ್ಟ ನಮ್ಮೂರಿನ ಇಬ್ಬರು ಹೊಸ ಬೆಳೆ ಬರುವ ಹೊತ್ತಿಗೆ ಕೈ ಸುಟ್ಟುಕೊಂಡರು.

ಮತ್ತೆ ಅದೇ ರಸ್ತೆ

2025ರ ನವೆಂಬರಿನಲ್ಲಿ ಎಲ್ಲಾ ತಿರುಗಿತು. ಬೆಂಬಲ ಬೆಲೆ 2,400 ಅಂತ ಪೇಪರಿನಲ್ಲಿ, ನಮ್ಮ ಕಡೆ ಕೇಳುತ್ತಿದ್ದದ್ದು 1,700. ಹಾವೇರಿ, ಗದಗ ಕಡೆ ರೈತರು ರಸ್ತೆಯಲ್ಲಿ ಧರಣಿ ಕೂತರು. ಮೀಟರ್ ಡ್ರಾಯರ್‌ನಿಂದ ಹೊರಗೆ ಬಂದಿತ್ತು, 14.5ಕ್ಕೂ ಮುರಿಯುತ್ತಿದ್ದರು. ಅಪ್ಪ ಅರ್ಧ ಮಾರಿ ಅರ್ಧ ಇಟ್ಟುಕೊಂಡರು. ಯಾಕೆ ಅರ್ಧ ಅಂತ ಕೇಳಿದರೆ, "ಸಾಲಕ್ಕ ಅಷ್ಟ ಸಾಕಾತು" ಅಂದರು.

ಡಿಸೆಂಬರಿನಲ್ಲಿ ಅಕ್ಕ, ಭಾವ ಬಂದರು. ಪಡಸಾಲೆಯಲ್ಲಿ ಚೀಲದ ಸಾಲು, ದಾಟಿಕೊಂಡೇ ಒಳಗೆ ಹೋಗಬೇಕು. ಭಾವನ ಧಂದೆ ಚೆನ್ನಾಗಿ ನಡೆಯುತ್ತಿತ್ತು, ಕೋಳಿ ಮತ್ತೆ 5,000 ಆಗಿವೆ. ಆದರೆ ಅದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಯಾರ ಮೊಬೈಲೂ ಊಟದ ಹೊತ್ತಿಗೆ ಹೊರಗೆ ಬರಲಿಲ್ಲ. ಊಟ ಆದಮೇಲೆ ಭಾವ ಕಾರಿನಿಂದ ಒಂದು ಸಣ್ಣ ಡಬ್ಬಿ ತಂದರು. ಅವರದ್ದೇ ಸ್ವಂತ ಮೀಟರ್, ಹೊಸದು. ಅಪ್ಪ ಕುತೂಹಲಕ್ಕೆ ತಿರುಗಿಸಿ ನೋಡಿದರು. ಆಮೇಲೆ ಎದ್ದು ಹೋಗಿ ಒಂದು ಚೀಲದ ಬಾಯಿ ಬಿಚ್ಚಿ, ಒಂದು ಕಾಳು ಕಡಿದು, "ಹದಿಮೂರು" ಅಂದರು. ಭಾವ ಒಂದು ಹಿಡಿ ಕಾಳನ್ನು ಮೀಟರಿಗೆ ಸುರಿದು, ಗುಂಡಿ ಒತ್ತಿ, ಡಬ್ಬಿಯನ್ನು ಅಪ್ಪನ ಕಡೆ ತಿರುಗಿಸಿದರು. 13.2. ಅಪ್ಪ ಕನ್ನಡಕ ತರಿಸಿ ಇನ್ನೊಮ್ಮೆ ನೋಡಿದರು. ಬೇರೆ ಚೀಲದ್ದು ಹಾಕು ಅಂದರು. ಹೀಗೆ ಆರೇಳು ಚೀಲ ಆಯಿತು, ಒಂದರಲ್ಲಿ ಅಪ್ಪನ ಹಲ್ಲು ಒಂದು ಪಾಯಿಂಟ್ ತಪ್ಪಿತು, ಇಬ್ಬರೂ ನಕ್ಕರು. ಮಾರುವ ಮಾತು ಯಾರೂ ಎತ್ತಲಿಲ್ಲ. ಸುರಿದ ಕಾಳನ್ನು ಅಮ್ಮ ಗುಡಿಸಿ ಎಮ್ಮೆಗೆ ಹಾಕಿದಳು.